ಕ್ಲಿಕ್ ಎನ್ನದ ಪಿಸ್ತೂಲು: ನಿಮ್ಮ ಕಥೆಯ ಬಗ್ಗೆ

ನಮಸ್ಕಾರ.

ನೀವು ಕಳಿಸಿದ ಪೊಲೀಸ್ ಕಥೆಯನ್ನು ಎರಡು ಸಲ ಓದಿದೆ. ಮಂಗಳೂರು ಬಂದರಿನ ಅಡಿಕೆ ಗೋದಾಮು, ಜುಲೈ ತಿಂಗಳ ಮಳೆ, ಗೋಣಿಚೀಲಗಳ ಸಾಲಿನ ಆಚೆ ಈಚೆ ಒಬ್ಬ ಸಬ್ ಇನ್ಸ್‌ಪೆಕ್ಟರು ಮತ್ತು ಅವರು ಹಿಡಿಯಬೇಕಾದ ವ್ಯಾಪಾರಿ. ಮೊದಲ ಆರು ಪುಟ ಚೆನ್ನಾಗಿವೆ. ಬೂಸಲು ಹಿಡಿದ ಅಡಿಕೆಯ ವಾಸನೆ ಓದುವವರ ಮೂಗಿಗೆ ಬಡಿಯುತ್ತದೆ. ಏಳನೇ ಪುಟದಲ್ಲಿ ಕಥೆ ಕುಸಿಯುತ್ತದೆ. ಈಗಿರುವಂತೆ ಪ್ರಕಟಿಸಲಾರೆ. ತಿದ್ದಿ ಕಳಿಸಿದರೆ ಪ್ರಕಟಿಸುವ ಮನಸ್ಸಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕುಸಿಯುವ ಜಾಗ ಇದು: ‘ಕ್ಲಿಕ್! ಪಿಸ್ತೂಲು ಲಾಕ್ ಆಗಿತ್ತು. ದುರದೃಷ್ಟ ಅವರ ಬೆನ್ನು ಬಿಟ್ಟಿರಲಿಲ್ಲ.’ ಆಮೇಲೆ ಇನ್ಸ್‌ಪೆಕ್ಟರು ಪಿಸ್ತೂಲನ್ನು ಗೋಡೆಗೆ ಬಡಿಯುತ್ತಾರೆ, ನಳಿಗೆಯೊಳಗೆ ಇಣುಕಿ ನೋಡುತ್ತಾರೆ, ಮತ್ತೆ ಟ್ರಿಗರ್ ಎಳೆಯುತ್ತಾರೆ. ಗುಂಡು ಹಾರುತ್ತದೆ.

ದುರದೃಷ್ಟ ಎಂಬ ಪದವನ್ನು ಹೊಡೆದುಹಾಕಿ. ಪಿಸ್ತೂಲು ನಿಂತರೆ ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣಕ್ಕೆ ತಕ್ಕ ಗುರುತು ಇರುತ್ತದೆ, ಆ ಗುರುತನ್ನು ನೋಡಿ ಕೈ ಮಾಡುವ ಕೆಲಸವೂ ಬೇರೆಯಾಗಿರುತ್ತದೆ. ಈ ಮೂರು ಹೊಂದದಿದ್ದರೆ, ಕಥೆಗಾರ ತನಗೆ ಬೇಕಾದಾಗ ಪಿಸ್ತೂಲು ಕೆಡಿಸಿ ಬೇಕಾದಾಗ ಸರಿಮಾಡಿದ್ದು ಓದುಗರಿಗೆ ಗೊತ್ತಾಗಿಬಿಡುತ್ತದೆ.

ಯಂತ್ರದ ಕೆಲಸ ಮೊದಲು ಮನಸ್ಸಿನಲ್ಲಿರಲಿ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಒಂದು ಗುಂಡು ಹಾರಿದ ಮೇಲೆ ಮುಂದಿನದಕ್ಕೆ ಅಣಿಯಾಗುವುದೆಲ್ಲ ಸ್ಲೈಡಿನ, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗದ, ಓಡಾಟದಿಂದ. ಹಿಂದಕ್ಕೆ ಹೋಗುವಾಗ ಎಕ್ಸ್‌ಟ್ರಾಕ್ಟರ್ ಎಂಬ ಸಣ್ಣ ಕೊಕ್ಕೆ ಹಾರಿದ ಗುಂಡಿನ ಖಾಲಿ ಹಿತ್ತಾಳೆ ಕೇಸನ್ನು ಚೇಂಬರಿನಿಂದ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಎಳೆದು ತರುತ್ತದೆ. ಕೇಸಿನ ಬುಡ ಎಜೆಕ್ಟರ್ ಎಂಬ ಸಣ್ಣ ತಡೆಗೆ ಬಡಿದು, ಕೇಸು ಬಲಗಡೆಗೆ ಚಿಮ್ಮುತ್ತದೆ. ಪೆಟ್ಟು ಕೊಟ್ಟು ಗುಂಡು ಸಿಡಿಸುವ ಹ್ಯಾಮರ್ ಹಿಂದೆ ಬಾಗಿ ನಿಲ್ಲುತ್ತದೆ. ರಿಕಾಯಿಲ್ ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ದೂಡುವಾಗ ಹಿಡಿಯೊಳಗಿನ ಗುಂಡಿನ ಡಬ್ಬಿಯಾದ ಮ್ಯಾಗಜೀನಿನ ಮೇಲ್ತುದಿಯ ಕಾಟ್ರಿಜ್ (ಕೇಸು, ಮದ್ದು, ಸೀಸ ಸೇರಿದ ಇಡೀ ಗುಂಡು) ಕಳಚಿಕೊಂಡು, ಫೀಡ್ ರ್ಯಾಂಪ್ ಎಂಬ ಇಳಿಜಾರು ಹತ್ತಿ ಚೇಂಬರ್ ಸೇರುತ್ತದೆ. ಇಷ್ಟೂ ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ. ಎಲ್ಲಿ ತಡವರಿಸಿತು ಎಂಬುದರ ಮೇಲೆ ತೊಂದರೆಯ ಜಾತಿ ಬೇರೆಯಾಗುತ್ತದೆ.

ಈಗ ನಿಮ್ಮ ‘ಕ್ಲಿಕ್’. ಕ್ಲಿಕ್ ಕೇಳಿಸಿತು ಎಂದರೆ ಹ್ಯಾಮರ್ ಬಿದ್ದಿದೆ, ಸ್ಲೈಡು ಪೂರ್ತಿ ಮುಚ್ಚಿದೆ. ಆದರೂ ಗುಂಡು ಹಾರಲಿಲ್ಲ. ಕಾರಣಗಳು ಹೆಚ್ಚಿಲ್ಲ: ಚೇಂಬರ್ ಖಾಲಿ ಇದೆ, ಅಥವಾ ಕಾಟ್ರಿಜ್‌ನ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್ ಸತ್ತಿದೆ, ಅಥವಾ ಅದನ್ನು ತಿವಿಯುವ ಫೈರಿಂಗ್ ಪಿನ್ನಿನ ಪೆಟ್ಟು ಸಾಲಲಿಲ್ಲ. ಚೇಂಬರ್ ಖಾಲಿ ಉಳಿಯುವುದು ಬಹಳ ಸಲ ಅವಸರದಲ್ಲಿ ಮ್ಯಾಗಜೀನು ತೂರಿಸಿ, ಅದು ಕೊಂಡಿಗೆ ಕೂರದೆ ಕೂದಲೆಳೆಯಷ್ಟು ಕೆಳಗೆ ನಿಂತಾಗ. ಸ್ಲೈಡು ಅದರ ಮೇಲೆ ಹಾದು ಬರಿಗೈಲಿ ಮುಂದೆ ಬರುತ್ತದೆ. ಮ್ಯಾಗಜೀನಿನ ಬುಡವನ್ನು ಅಂಗೈಯಿಂದ ಗುದ್ದಿ, ಸ್ಲೈಡನ್ನು ಪೂರ್ತಿ ಹಿಂದೆಳೆದು ಬಿಟ್ಟರೆ ಈ ತೊಂದರೆ ಹೋಗುತ್ತದೆ. ಪೊಲೀಸ್ ತರಬೇತಿಯಲ್ಲಿ ಕೈಗೆ ಮೊದಲು ಕೂರಿಸುವುದೂ ಇದನ್ನೇ. ಗೋಡೆಗೆ ಬಡಿದರೆ ಗುರಿ ನೋಡುವ ಸೈಟು ಸೊಟ್ಟಗಾದೀತು, ಅಷ್ಟೇ.

ನೀವು ಇನ್ಸ್‌ಪೆಕ್ಟರ ಕೈಗೆ ಕೊಟ್ಟಿರುವುದು ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಫ್ಯಾಕ್ಟರಿಯ 9 ಎಂಎಂ ಪಿಸ್ತೂಲು. ಒಳ್ಳೆಯ ಆಯ್ಕೆ. ಅದು 1935ರ ಬ್ರೌನಿಂಗ್ ಹೈ ಪವರ್ ವಿನ್ಯಾಸದ್ದು, ಸಿಂಗಲ್ ಆ್ಯಕ್ಷನ್: ಟ್ರಿಗರ್ ಹ್ಯಾಮರನ್ನು ಬೀಳಿಸುತ್ತದೆ, ಹಿಂದೆಳೆಯುವುದಿಲ್ಲ. ಕ್ಲಿಕ್ ಆದ ಮೇಲೆ ಅದರ ಟ್ರಿಗರನ್ನು ಎಷ್ಟು ಸಲ ಎಳೆದರೂ ಏನೂ ಆಗುವುದಿಲ್ಲ. ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದೆಳೆಯಬೇಕು, ಇಲ್ಲವೇ ಸ್ಲೈಡು ಎಳೆಯಬೇಕು. ಏಳನೇ ಪುಟದ ‘ಕ್ಲಿಕ್, ಕ್ಲಿಕ್, ಕ್ಲಿಕ್’ ಈ ಪಿಸ್ತೂಲಿನಿಂದ ಬರುವ ಸದ್ದಲ್ಲ. ಅದರ ಮ್ಯಾಗಜೀನು ಹಿಡಿಯುವುದು 13. ಚೇಂಬರಿನಲ್ಲಿ ಒಂದು ಮೊದಲೇ ಇದ್ದರೂ 14. ನಿಮ್ಮ ಕಥೆಯಲ್ಲಿ ಮ್ಯಾಗಜೀನು ಬದಲಿಸದೆ 17 ಸಲ ಗುಂಡು ಹಾರಿದ್ದನ್ನು ಎಣಿಸಿದೆ. ಗುಂಡು ಮುಗಿದರೆ ಸ್ಲೈಡು ಹಿಂದೆಯೇ ನಿಂತುಬಿಡುತ್ತದೆ, ಖಾಲಿಯಾದದ್ದು ಕಣ್ಣಿಗೇ ಕಾಣುತ್ತದೆ.

ಇಲ್ಲಿಂದ ಮುಂದೆ ನನಗೆ ನಿಜವಾಗಿ ಹೇಳಬೇಕಾದದ್ದು. ಪಿಸ್ತೂಲು ನಿಲ್ಲಲು ಬೇಕಾದ ಕಾರಣವನ್ನು ನೀವೇ ನಾಲ್ಕನೇ ಪುಟದಲ್ಲಿ ಬರೆದಿದ್ದೀರಿ, ಬರೆದು ಮರೆತಿದ್ದೀರಿ. ಮುರಿದ ಗಾಜು ತಾಗಿ ಇನ್ಸ್‌ಪೆಕ್ಟರ ಬಲ ಮುಂಗೈ ಸೀಳಿದೆ, ‘ಎಡಗೈಯಲ್ಲಿ ಪಿಸ್ತೂಲು ಹಿಡಿದರು, ಹಿಡಿತ ಬಿಗಿಯಾಗಲಿಲ್ಲ’ ಎಂಬ ಸಾಲಿದೆ. ಇದು ಬಂಗಾರದಂಥ ಸಾಲು. ಸ್ಲೈಡು ಹಿಂದಕ್ಕೆ ಪೂರ್ತಿ ಓಡಬೇಕಾದರೆ ಹಿಡಿಯಿರುವ ಕೆಳಗಿನ ಭಾಗ, ಅಂದರೆ ಫ್ರೇಮು, ಅಲುಗದೆ ನಿಲ್ಲಬೇಕು. ಮಣಿಕಟ್ಟು ಸಡಿಲವಾಗಿದ್ದರೆ ಫ್ರೇಮೂ ಸ್ಲೈಡಿನ ಜೊತೆ ಹಿಂದೆ ಹೋಗುತ್ತದೆ, ಸ್ಲೈಡಿನ ಓಟ ಗಿಡ್ಡವಾಗುತ್ತದೆ, ಕೇಸು ಎಜೆಕ್ಟರಿಗೆ ಮೆಲ್ಲಗೆ ತಾಗುತ್ತದೆ. ಹೊರಗೆ ಹಾರಿ ಹೋಗುವ ಮೊದಲೇ ಸ್ಲೈಡು ಮುಂದೆ ಬಂದು ಅದನ್ನು ಕಚ್ಚಿ ಹಿಡಿಯುತ್ತದೆ. ಬಾಗಿಲ ಸಂದಿಗೆ ಸಿಕ್ಕ ಬೆರಳಿನಂತೆ ಹಿತ್ತಾಳೆ ಕೇಸು ನೆಟ್ಟಗೆ ನಿಂತಿರುತ್ತದೆ. ಸ್ಟೋವ್‌ಪೈಪ್ ಎನ್ನುತ್ತಾರೆ.

ಆ ಕ್ಷಣವನ್ನು ಹತ್ತಿರದಿಂದ ತೋರಿಸಿ. ಸ್ಲೈಡು ಮುಚ್ಚಿಲ್ಲವಾದ್ದರಿಂದ ಡಿಸ್ಕನೆಕ್ಟರ್ ಎಂಬ ಭಾಗ ಟ್ರಿಗರಿಗೂ ಹ್ಯಾಮರಿಗೂ ಇರುವ ಸಂಬಂಧ ಕಡಿದಿರುತ್ತದೆ. ಟ್ರಿಗರ್ ಬೆರಳಿನ ಕೆಳಗೆ ಜೀವವಿಲ್ಲದೆ ಹಿಂದೆ ಹೋಗುತ್ತದೆ. ಹ್ಯಾಮರ್ ಬೀಳುವುದಿಲ್ಲ. ಕ್ಲಿಕ್ ಕೂಡ ಇಲ್ಲ. ಗುರಿ ನೋಡಲು ಕಣ್ಣು ಹಾಯಿಸಿದರೆ ಮುಂದಿನ ಸೈಟಿಗೆ ಅಡ್ಡಲಾಗಿ ಏನೋ ಹಳದಿಯದು ನಿಂತಿದೆ. ಆ ಗೋದಾಮಿನಲ್ಲಿ ತಗಡಿನ ಮೇಲೆ ಮಳೆ ಸುರಿಯುತ್ತಿರುವಾಗ ಈ ನಿಶ್ಶಬ್ದಕ್ಕೆ ನಿಮ್ಮ ಮೂರು ಕ್ಲಿಕ್ಕುಗಳಿಗಿಂತ ಹೆಚ್ಚು ಬಲವಿದೆ.

ಸರಿಪಡಿಸುವುದು ಎರಡು ಕೈ ಇದ್ದವರಿಗೆ ಒಂದೆರಡು ಸೆಕೆಂಡಿನ ಕೆಲಸ: ಮ್ಯಾಗಜೀನಿನ ಬುಡ ಗುದ್ದು, ಸ್ಲೈಡನ್ನು ರಭಸವಾಗಿ ಹಿಂದೆಳೆದು ಬಿಡು. ಕೇಸು ಉದುರುತ್ತದೆ, ಹೊಸದು ಚೇಂಬರಿಗೆ ಹೋಗುತ್ತದೆ. ನಿಮ್ಮ ಇನ್ಸ್‌ಪೆಕ್ಟರಿಗೆ ಇರುವುದು ಒಂದೇ ಕೈ. ಬೆರಳನ್ನು ಟ್ರಿಗರಿನಿಂದ ಹೊರಗೆ ತೆಗೆಯಬೇಕು. ಮ್ಯಾಗಜೀನಿನ ಬುಡವನ್ನು ತೊಡೆಗೆ ಗುದ್ದಬೇಕು. ಹಿಂದಿನ ಸೈಟನ್ನು ಬೆಲ್ಟಿನ ಅಂಚಿಗೋ ಬೂಟಿನ ಹಿಮ್ಮಡಿಗೋ ಸಿಕ್ಕಿಸಿ, ನಳಿಗೆ ತನ್ನ ಮೈಕಾಲಿನ ಕಡೆ ತಿರುಗದಂತೆ ನೋಡಿಕೊಂಡು, ಫ್ರೇಮನ್ನು ಜೋರಾಗಿ ಕೆಳಕ್ಕೆ ದೂಡಬೇಕು. ಸೈಟಿನ ಅಂಚು ಇಳಿಜಾರಾಗಿದ್ದರೆ ಮೊದಲ ಸಲ ಜಾರುತ್ತದೆ. ಜಾರಲಿ. ಒದ್ದೆ ಬೆಲ್ಟಿನ ಮೇಲೆ ಸೈಟು ಜಾರುವ ಆ ಒಂದು ಸಲದಲ್ಲಿ ನೀವು ಹುಡುಕುತ್ತಿದ್ದ ಉಸಿರು ಕಟ್ಟಿಸುವ ಗಳಿಗೆ ಇದೆ. ಈ ಭಾಗಕ್ಕೆ ಅರ್ಧ ಪುಟ ಕೊಡಿ, ವಾಕ್ಯಗಳು ಗಿಡ್ಡಗಿರಲಿ.

ನಳಿಗೆಯೊಳಗೆ ಇಣುಕುವ ಸಾಲು ಮಾತ್ರ ಯಾವ ಕಾರಣಕ್ಕೂ ಉಳಿಯಕೂಡದು. ಕ್ಲಿಕ್ ಆದ ಕಾಟ್ರಿಜ್ ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ. ಅದಕ್ಕೇ ಗುರಿ ಅಭ್ಯಾಸದ ಮೈದಾನದಲ್ಲಿ ಪಿಸ್ತೂಲನ್ನು ಗುರಿಹಲಗೆಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯುತ್ತಾರೆ. ಗುಂಡಿನ ಕಾಳಗದಲ್ಲಿ ಯಾರೂ ಕಾಯುವುದಿಲ್ಲ, ಸ್ಲೈಡು ಎಳೆದು ಅದನ್ನು ಹೊರಗೆ ಹಾಕುತ್ತಾರೆ. ಆದರೆ ಇಣುಕುವವರು ಇಲ್ಲ. ಇನ್ನೂ ಕೆಟ್ಟದ್ದು ಸ್ಕ್ವಿಬ್: ಮದ್ದು ಸಾಲದೆ ‘ಪುಸ್’ ಎಂದು ಸದ್ದಾಗಿ, ಸೀಸ ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಹನ್ನೊಂದನೇ ಪುಟದಲ್ಲಿ ಕಾನ್‌ಸ್ಟೆಬಲ್ಲನ ರಿವಾಲ್ವರ್ ‘ಪುಸ್ ಎಂದಿತು, ಅವನು ಮತ್ತೆ ಹಾರಿಸಿದ’ ಎಂದಿದೆ. ಅವನ ಕೈ ಉಳಿಯಬೇಕಿದ್ದರೆ ಆ ಸಾಲು ಬದಲಿಸಿ.

ಎರಡನೇ ಪುಟದಲ್ಲಿ ಇನ್ಸ್‌ಪೆಕ್ಟರು ರಾತ್ರಿ ಕೂತು ಪಿಸ್ತೂಲಿಗೆ ‘ಸೋರುವಷ್ಟು’ ಎಣ್ಣೆ ಹಾಕುತ್ತಾರೆ. ಅವರು ಶಿಸ್ತಿನ ಮನುಷ್ಯ ಎಂದು ತೋರಿಸುವುದು ನಿಮ್ಮ ಉದ್ದೇಶ. ಬಲ್ಲವರು ಓದಿದರೆ ಉಲ್ಟಾ ಅರ್ಥ ಬರುತ್ತದೆ. ಸ್ಲೈಡಿನ ರೈಲುಗಳಿಗೆ ಒಂದೊಂದು ಹನಿ, ನಳಿಗೆಯ ಹೊರಮೈಗೆ ತೆಳ್ಳಗೆ ಸವರಿ ಬಟ್ಟೆಯಲ್ಲಿ ಒರೆಸುವುದು, ಇಷ್ಟು ಸಾಕು. ಚೇಂಬರ್ ಒಣಗಿರಬೇಕು. ಮ್ಯಾಗಜೀನಿನ ಒಳಗೆ ಎಣ್ಣೆ ಹೋಗಬಾರದು. ಹೋದರೆ ಕಾಟ್ರಿಜ್‌ಗಳು ದಿನಗಟ್ಟಲೆ ಅದರಲ್ಲೇ ಕೂತು, ಪ್ರೈಮರಿನ ಸುತ್ತಲಿನ ಸಂದಿಯಿಂದ ಎಣ್ಣೆ ಇಳಿದು ಅದನ್ನು ಸಾಯಿಸಬಹುದು. ಜೊತೆಗೆ ಎಣ್ಣೆಗೆ ಧೂಳೂ ಮಸಿಯೂ ಅಂಟಿ ಅಂಟು ಕೆಸರಾಗುತ್ತದೆ, ಸ್ಲೈಡು ಕೊನೆಯ ಒಂದೆರಡು ಮಿಲಿಮೀಟರ್ ಮುಚ್ಚದೆ ನಿಲ್ಲುತ್ತದೆ. ನಿಮಗೆ ಕ್ಲಿಕ್ ಸದ್ದೇ ಬೇಕು ಎಂದಾದರೆ, ಈ ಎಣ್ಣೆಯ ದೃಶ್ಯವನ್ನು ಉಳಿಸಿಕೊಂಡು ಸತ್ತ ಪ್ರೈಮರಿನ ದಾರಿ ಹಿಡಿಯಿರಿ. ಗಾಯದ ಕೈಯೋ ಎಣ್ಣೆಯೋ, ಒಂದನ್ನು ಆರಿಸಿ. ನನ್ನ ಒಲವು ಗಾಯದ ಕೈಗೆ.

ಮ್ಯಾಗಜೀನಿನ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಪಿಸ್ತೂಲನ್ನು ದಿನವೂ ಬಳಸುವವರು ತೊಂದರೆ ಬಂದರೆ ಮೊದಲು ಅನುಮಾನಿಸುವುದು ಅದನ್ನೇ. ಮೇಲ್ತುದಿಯ ಎರಡು ತಗಡಿನ ತುಟಿಗಳು ನೆಲಕ್ಕೆ ಬಿದ್ದು ಕೊಂಚ ಬಾಗಿದ್ದರೂ ಕಾಟ್ರಿಜ್ ತಪ್ಪು ಕೋನದಲ್ಲಿ ಏಳುತ್ತದೆ. ಸ್ಪ್ರಿಂಗು ಸೋತಿದ್ದರೆ ಸ್ಲೈಡಿನ ವೇಗಕ್ಕೆ ಸರಿಯಾಗಿ ಮೇಲೆ ಬರುವುದಿಲ್ಲ, ಮೂತಿ ತಗ್ಗಿಸಿ ರ್ಯಾಂಪಿನ ಕೆಳಗೆ ಗುದ್ದಿ ನಿಲ್ಲುತ್ತದೆ. ಹಾಗಾಗಿ ಮ್ಯಾಗಜೀನುಗಳಿಗೆ ನಂಬರ್ ಬರೆದಿಟ್ಟುಕೊಳ್ಳುವ ರೂಢಿಯಿದೆ, ಯಾವುದು ಕೈಕೊಡುತ್ತಿದೆ ಎಂದು ಗೊತ್ತಾಗಲಿ ಎಂದು.

ವ್ಯಾಪಾರಿಯ ಕೈಯಲ್ಲಿ ‘ಲೈಸೆನ್ಸ್ ಇರುವ 9 ಎಂಎಂ’ ಇದೆ. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಅವನಿಗೆ ಪಾಯಿಂಟ್ 32 ಪಿಸ್ತೂಲು ಕೊಡಿ. ಅದರ ಕಾಟ್ರಿಜ್‌ನ ಬುಡದಲ್ಲಿ ಕೊಂಚ ಹೊರಚಾಚಿದ ಅಂಚಿದೆ. ಮ್ಯಾಗಜೀನಿನಲ್ಲಿ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ಗುದ್ದಿ ಎಳೆದರೂ ಬಿಡುವುದಿಲ್ಲ. ಮ್ಯಾಗಜೀನು ಹೊರಗೆ ತೆಗೆದೇ ಬಿಡಿಸಬೇಕು. ಇನ್ನೊಂದು ಕಥೆಗೆ ಇಟ್ಟುಕೊಳ್ಳಿ. ಒಂದೇ ದೃಶ್ಯದಲ್ಲಿ ಎರಡು ಪಿಸ್ತೂಲು ನಿಂತರೆ ಯಾರೂ ನಂಬುವುದಿಲ್ಲ.

ಅದೇ ವ್ಯಾಪಾರಿ ಕೊನೆಯಲ್ಲಿ ಇನ್ಸ್‌ಪೆಕ್ಟರ ಕುತ್ತಿಗೆಗೆ ‘ಚರ್ಮ ಒಳಗೆ ಹೋಗುವಂತೆ’ ನಳಿಗೆ ಒತ್ತುತ್ತಾನೆ. ಹಾಗೆ ಒತ್ತಿದರೆ ಬಹುತೇಕ ಪಿಸ್ತೂಲುಗಳ ಸ್ಲೈಡು ಕೆಲವು ಮಿಲಿಮೀಟರ್ ಹಿಂದೆ ಸರಿದು, ಟ್ರಿಗರ್ ಎಳೆದರೂ ಹಾರದೇ ಹೋಗಬಹುದು. ಬೇಕೆಂದರೆ ಬಳಸಿಕೊಳ್ಳಿ, ಬೇಡವೆಂದರೆ ನಳಿಗೆಯನ್ನು ಒಂದು ಗೇಣು ದೂರ ನಿಲ್ಲಿಸಿ.

ಭಾಷೆಯ ಬಗ್ಗೆ ಎರಡು ಮಾತು. ನೀವು ‘ಕುದುರೆ’ ಎಂದು ಒಮ್ಮೆ ಟ್ರಿಗರಿಗೆ, ಒಮ್ಮೆ ಹ್ಯಾಮರಿಗೆ ಬರೆದಿದ್ದೀರಿ. ನಾಡಬಂದೂಕಿನ ಕಥೆಯಲ್ಲಿ ಆ ಪದ ಚಂದ. ಇಲ್ಲಿ ಎರಡರ ಕೆಲಸ ಬೇರೆ ಬೇರೆ, ಓದುಗರು ದಾರಿ ತಪ್ಪುತ್ತಾರೆ. ಹಾಗೆಯೇ ನೆಲಕ್ಕೆ ಬೀಳುವುದು ‘ಗುಂಡು’ ಅಲ್ಲ, ಖಾಲಿ ಕೇಸು. ರಿವಾಲ್ವರ್ ಕೇಸು ಉಗುಳುವುದಿಲ್ಲ, ಆದ್ದರಿಂದ ಕಾನ್‌ಸ್ಟೆಬಲ್ಲನ ಕಾಲ ಬಳಿ ಉದುರಿಸಿರುವ ಕೇಸುಗಳನ್ನು ಎತ್ತಿಬಿಡಿ. ಒಂಬತ್ತನೇ ಪುಟದ ಗ್ಲಾಕ್ 17 ಪಿಸ್ತೂಲಿಗೆ ಹೊರಗೆ ಕಾಣುವ ಹ್ಯಾಮರೂ ಇಲ್ಲ, ಹೆಬ್ಬೆರಳಿಂದ ಸರಿಸುವ ಸೇಫ್ಟಿಯೂ ಇಲ್ಲ.

‘ಪಿಸ್ತೂಲನ್ನು ನಂಬಿ ಕೆಟ್ಟವರೇ ಹೆಚ್ಚು’ ಎಂದು ಹಿರಿಯ ಅಧಿಕಾರಿಯ ಬಾಯಲ್ಲಿ ಹೇಳಿಸಿದ್ದೀರಿ. ಬಲ್ಲ ಅಧಿಕಾರಿ ಹಾಗೆನ್ನುವುದಿಲ್ಲ. ಅಮೆರಿಕದ ಸೈನ್ಯ 1911ರ ಮಾರ್ಚಿನಲ್ಲಿ ಬ್ರೌನಿಂಗ್‌ನದೇ ಹಳೆಯ ವಿನ್ಯಾಸದ ಕೋಲ್ಟ್ ಪಿಸ್ತೂಲನ್ನು ಪರೀಕ್ಷಿಸಿದಾಗ 6,000 ಗುಂಡು ಹಾರಿಸಿದರೂ ಒಮ್ಮೆಯೂ ನಿಲ್ಲಲಿಲ್ಲ. ಆ ಪರೀಕ್ಷೆಯಲ್ಲಿ ಪ್ರತಿ ನೂರಕ್ಕೆ ಪಿಸ್ತೂಲು ಆರಲು ಬಿಟ್ಟರು, ಪ್ರತಿ ಸಾವಿರಕ್ಕೆ ಒರೆಸಿ ಎಣ್ಣೆ ಹಾಕಿದರು. ಒಳ್ಳೆಯ ಕಾಟ್ರಿಜ್, ಹದವಾದ ಎಣ್ಣೆ, ಬಿಗಿ ಹಿಡಿತ ಇದ್ದರೆ ನಿಲ್ಲುವುದು ಅಪರೂಪ. ಆ ಅಪರೂಪ ನಿಮ್ಮ ಗೋದಾಮಿನಲ್ಲೇ ಯಾಕಾಯಿತು ಎಂಬುದಕ್ಕೆ ಉತ್ತರ ನಾಲ್ಕನೇ ಪುಟದಲ್ಲಿದೆ.

ಏಳರಿಂದ ಹತ್ತರವರೆಗಿನ ಪುಟಗಳನ್ನು ಹೊಸದಾಗಿ ಬರೆಯಿರಿ. ನಾಲ್ಕನೇ ಪುಟದ ಎಡಗೈಯ ಸಾಲನ್ನು ಮುಟ್ಟಬೇಡಿ. ಗುಂಡುಗಳನ್ನು ಎಣಿಸಿ ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಂಬರ್ ಹಾಕಿ ಕಳಿಸಿ, ನಾನೂ ಎಣಿಸುತ್ತೇನೆ.

ಇತಿ,
ಸಂಪಾದಕ