ದಿನವಿಡೀ ಚೀಲ ಹೊರುವವನಿಗೆ ಮತ್ತೆ ವ್ಯಾಯಾಮ ಏಕೆ?

ನೀವು ಬರೆದಿರುವುದು ಇಷ್ಟು: ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ, ವಯಸ್ಸು 47, ಎಚ್‌ಐವಿ ಮಾತ್ರೆ ವರ್ಷಗಳಿಂದ ತಪ್ಪದೆ ನಡೆದಿದೆ, ಈಗ ಬಿಪಿ 150/96. ವೈದ್ಯರು ವ್ಯಾಯಾಮ ಮಾಡಿ ಎಂದಾಗ ನಿಮಗೆ ನಗು ಬಂದಿತಂತೆ.

ನಗು ಬರುವುದು ಸಹಜವೇ. ಆದರೆ ವೈದ್ಯರು ಹೇಳಿದ್ದು ಸರಿ. ನಾನು ರಾಯಚೂರಿನಲ್ಲಿ ಫಿಜಿಯೋಥೆರಪಿಸ್ಟ್. ಸೊಂಟ ಹಿಡಿದುಕೊಂಡು ಬರುವ ಹಮಾಲರನ್ನು ದಿನವೂ ನೋಡುತ್ತೇನೆ. ಚೀಲ ಬೆನ್ನಿಗೆ ಬೀಳುವ ಕ್ಷಣವನ್ನು ನೆನೆಸಿಕೊಳ್ಳಿ. ಉಸಿರು ಬಿಗಿಹಿಡಿದು ಹಲ್ಲು ಕಚ್ಚುತ್ತೀರಿ, ಕುತ್ತಿಗೆಯ ನರಗಳು ಉಬ್ಬುತ್ತವೆ. ಆಗ ಬಿಪಿ ಒಮ್ಮೆಲೇ ಏರುತ್ತದೆ. ಅದು ಇಳಿಯುವಷ್ಟರಲ್ಲಿ ಮುಂದಿನ ಚೀಲ ಬಂದಿರುತ್ತದೆ. ಮೈ ದಣಿಯುತ್ತದೆಯೇ ಹೊರತು ರಕ್ತನಾಳಗಳಿಗೆ ಬಿಡುವು ಸಿಗುವುದಿಲ್ಲ. ಅವು ಸಡಿಲಗೊಳ್ಳಲು ಬೇಕಾದದ್ದು ಉಸಿರು ಕಟ್ಟದೆ, ಒಂದೇ ಹದದಲ್ಲಿ ಸಾಗುವ ಚಲನೆ.

ಅದಕ್ಕೆ ಬಿರುಸಿನ ನಡಿಗೆ ಸಾಕು. ಸೈಕಲ್ ಇದ್ದರೆ ಗಿರಣಿಗೆ ಅದರಲ್ಲೇ ಹೋಗಿ, ಅದೂ ಲೆಕ್ಕಕ್ಕೆ ಬರುತ್ತದೆ. ಮೊದಲ ವಾರ ಹತ್ತು ಹದಿನೈದು ನಿಮಿಷ, ಆಮೇಲೆ ವಾರಕ್ಕೆ 5 ದಿನ 30 ನಿಮಿಷದವರೆಗೆ ಏರಿಸಿ. ಜೊತೆಯವರೊಡನೆ ಮಾತನಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ವೇಗದ ಅಳತೆ ಅಷ್ಟೇ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಸೂರ್ಯ ಏರುವ ಮೊದಲೇ ಮುಗಿಸಿಬಿಡಿ. ಅಂಜನಾದ್ರಿಯ 575 ಮೆಟ್ಟಿಲನ್ನು ನಿಲ್ಲದೆ ಹತ್ತಿ ತೋರಿಸುವ ಉತ್ಸಾಹಿಗಳಿದ್ದಾರೆ. ಭಕ್ತಿಗೆ ಅದು ಸರಿ, ಬಿಪಿ ಇರುವವರು ಅಲ್ಲಿಂದ ಶುರು ಮಾಡಬಾರದು.

ವ್ಯಾಯಾಮದಿಂದ ಶಕ್ತಿ ಸೋರಿ ಸಿಡಿ4 (ಸೋಂಕಿನೊಡನೆ ಹೋರಾಡುವ ರಕ್ತಕಣಗಳ ಎಣಿಕೆ) ಇಳಿಯುತ್ತದೆ ಎಂಬ ಭಯ ಬೇಡ. ಮಾತ್ರೆ ಸರಿಯಾಗಿ ನುಂಗುತ್ತಿರುವವರಿಗೆ ಹದವಾದ ವ್ಯಾಯಾಮದಿಂದ ಸಿಡಿ4 ಇಳಿಯುವುದೂ ಇಲ್ಲ, ವೈರಸ್ ಹೆಚ್ಚುವುದೂ ಇಲ್ಲ. ಜ್ವರ, ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಮಾತ್ರ ನಡಿಗೆ ನಿಲ್ಲಿಸಿ ಮೊದಲು ಎಆರ್‌ಟಿ ಕೇಂದ್ರಕ್ಕೆ, ಅಂದರೆ ನಿಮಗೆ ಎಚ್‌ಐವಿ ಮಾತ್ರೆ ಕೊಡುವಲ್ಲಿಗೆ, ಹೋಗಿ. ಡೊಲುಟೆಗ್ರಾವಿರ್ ಇರುವ ಎಚ್‌ಐವಿ ಮಾತ್ರೆ ಶುರುವಾದ ಮೇಲೆ ಕೆಲವರಿಗೆ ತೂಕ ಏರುತ್ತದೆ, ತೂಕದ ಹಿಂದೆಯೇ ಬಿಪಿಯೂ ಏರಬಹುದು. ಹಾಗೆಂದು ಮಾತ್ರೆ ಬಿಡುವ ಯೋಚನೆಯನ್ನೇ ಮಾಡಬೇಡಿ.

ನನಗೆ ನಿಜಕ್ಕೂ ಕಳವಳ ತರುವುದು ಬೇರೆ ವಿಷಯ. ಮೈಕೈ ನೋವೆಂದು ಔಷಧ ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೋಫೆನಾಕ್! ಹಮಾಲರ ಜೇಬಿನಲ್ಲಿ ಅದು ಎಲೆ ಅಡಿಕೆಯಷ್ಟೇ ಮಾಮೂಲು. ಅದು ಬಿಪಿ ಏರಿಸುತ್ತದೆ. ನಿಮ್ಮ ಎಆರ್‌ಟಿ ಮಾತ್ರೆಯಲ್ಲಿ ಟೆನೋಫೊವಿರ್ ಇದ್ದರೆ ಎರಡೂ ಸೇರಿ ಮೂತ್ರಪಿಂಡಕ್ಕೆ ಕುತ್ತು ತರಬಹುದು. ಬೆವರು ಸುರಿದು ಮೈಯಲ್ಲಿ ನೀರಿಲ್ಲದಾಗ ಅಪಾಯ ಇನ್ನೂ ಹೆಚ್ಚು. ನೋವಿಗೆ ಯಾವ ಮಾತ್ರೆ ತೆಗೆದುಕೊಳ್ಳಬೇಕೆಂದು ಎಆರ್‌ಟಿ ವೈದ್ಯರನ್ನೇ ಕೇಳಿ.

ನಡಿಗೆಯಿಂದ ಬಿಪಿಯ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ಸಣ್ಣದಲ್ಲ, ಆದರೆ 150ಕ್ಕೆ ಅದೊಂದೇ ಸಾಲದಿರಬಹುದು. ವೈದ್ಯರು ಬಿಪಿ ಮಾತ್ರೆ ಬರೆದರೆ ನುಂಗಿ, ಜೊತೆಗೆ ನಡೆಯಿರಿ. ಬರೆಯುವವರಿಗೆ ನಿಮ್ಮ ಎಆರ್‌ಟಿ ಮಾತ್ರೆಯ ಹೆಸರು ತಿಳಿದಿರಲಿ. ಅದರಲ್ಲಿ ರಿಟೋನಾವಿರ್ ಇದ್ದರೆ ಅಮ್ಲೊಡಿಪಿನ್ ಎಂಬ ಬಿಪಿ ಔಷಧ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ, ಪ್ರಮಾಣ ಬದಲಿಸಬೇಕಾಗಬಹುದು. ಗಿರಣಿಯವರಿಗೆ ಇದಾವುದನ್ನೂ ಹೇಳಬೇಕಾಗಿಲ್ಲ. "ಬಿಪಿ ಇದೆ, ನಡೆಯಲು ಹೇಳಿದ್ದಾರೆ" ಎಂದರೆ ಮುಗಿಯಿತು, ಸುಳ್ಳೂ ಅಲ್ಲ.

ಇನ್ನೊಂದು: ಆ 150/96 ಅಳೆದದ್ದು ಯಾವಾಗ? ಚೀಲ ಇಳಿಸಿ, ಚಹಾ ಕುಡಿದು, ತಂಬಾಕು ಹಾಕಿಕೊಂಡು ನೇರವಾಗಿ ಹೋಗಿದ್ದರೆ ಆ ಅಂಕಿಯನ್ನು ನಂಬಲಾಗದು. ಚಹಾ, ತಂಬಾಕು ಬಿಟ್ಟು ಅರ್ಧ ಗಂಟೆಯಾಗಿರಲಿ, 5 ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕುಳಿತು, ಬೇರೆ ಬೇರೆ ದಿನ ಅಳೆಸಿ ಬರೆದಿಟ್ಟುಕೊಳ್ಳಿ. 180/110 ದಾಟಿದರೆ ಅಂದು ನಡಿಗೆಯೂ ಬೇಡ, ಚೀಲವೂ ಬೇಡ, ವೈದ್ಯರನ್ನು ಕಾಣಿ. ಎದೆನೋವೋ ಮಾತು ತೊದಲುವುದೋ ಕಂಡರೆ ಅಂಕಿ ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.