ಹೋಸ್ಟಿಂಗ್ ಬದಲಿಸುವ ಮೊದಲು ಫೋಟೊ, ಫಾಂಟ್ ನೋಡಿ

ನಿಮ್ಮ ಕನ್ನಡ ಅಡುಗೆ ಪುಟ ಮೊಬೈಲಿನಲ್ಲಿ ತೆರೆಯಲು ಎಂಟತ್ತು ಸೆಕೆಂಡ್ ಹಿಡಿಯುತ್ತದೆ, ದುಬಾರಿ ಹೋಸ್ಟಿಂಗ್ (ಪುಟ ಇಡುವ ಬಾಡಿಗೆ ಸರ್ವರ್) ತಗೊಳ್ಳಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ನಾನು ಹಾಗೆ ಮಾಡಿ ಒಂದು ವರ್ಷದ ದುಡ್ಡು ಸುಮ್ನೆ ಕಟ್ಟಿದ್ದೇನೆ. ಪುಟ ಮಾತ್ರ ಕೆಸರಲ್ಲಿ ಕೂತ ಎಮ್ಮೆ ಥರ ಅಲ್ಲಾಡಲಿಲ್ಲ.

ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ ಡಿಸೇಬಲ್ ಕ್ಯಾಶ್ (ಮೊದಲೇ ಉಳಿಸಿಟ್ಟ ಪ್ರತಿ ಬಳಸಬೇಡ ಅಂತ) ಟಿಕ್ ಮಾಡಿ ಪುಟವನ್ನು ರೀಲೋಡ್ ಮಾಡಿ, ಆಮೇಲೆ ದೊಡ್ಡ ಫೈಲ್ ಮೇಲೆ ಬರುವ ಹಾಗೆ ಸೈಜ್ ಪ್ರಕಾರ ಜೋಡಿಸಿ. ನನ್ನಲ್ಲಿ ಎಲ್ಲಕ್ಕಿಂತ ಮೇಲೆ ಕೂತಿದ್ದು ಅಕ್ಕಿ ರೊಟ್ಟಿಯ ಫೋಟೊ, 4 ಎಂಬಿ! ಫೋನಿನ ಫೋಟೊವನ್ನು ಹಾಗೇ ಹಾಕಿದ್ದೆ, 4000 ಪಿಕ್ಸೆಲ್ ಅಗಲ. ಅಷ್ಟು ಅಗಲದ ರೊಟ್ಟಿ ಯಾರಿಗೂ ಬೇಡ ಅಲ್ವಾ? 1000 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ (ಫೋಟೊವನ್ನು ಹಗುರ ಮಾಡುವ ಫೈಲ್ ಬಗೆ) ಮಾಡಿದರೆ 90 ಕೆಬಿ ಆಯಿತು. ಕೆಳಗಿನ ಫೋಟೊಗಳಿಗೆ ಲೇಜಿ ಲೋಡಿಂಗ್ (ಓದುಗರು ಅಲ್ಲಿಗೆ ಬಂದಾಗಲೇ ಫೋಟೊ ತರಿಸುವುದು) ಹಾಕಿ, ಮೇಲಿನ ದೊಡ್ಡ ಫೋಟೊಗೆ ಹಾಕಬೇಡಿ. ನಾನು ಎಲ್ಲದಕ್ಕೂ ಹಾಕಿ, ಮೊದಲು ಕಾಣಬೇಕಾದ ಫೋಟೊನೇ ಕೊನೆಗೆ ಬರುವ ಹಾಗೆ ಮಾಡಿಕೊಂಡಿದ್ದೆ.

ಇನ್ನು ಫಾಂಟ್. ಇದು ನಮ್ಮ ಲಿಪಿಗೇ ಅಂಟಿದ ತಲೆನೋವು. ಒತ್ತಕ್ಷರಗಳ ಆಕಾರಗಳು, ಅವನ್ನು ಜೋಡಿಸುವ ನಿಯಮಗಳು ಎಲ್ಲಾ ಫೈಲಿನೊಳಗೇ ಇರಬೇಕು, ಅದಕ್ಕೇ ಕನ್ನಡ ಫಾಂಟ್ ಬರೀ ಇಂಗ್ಲಿಷ್ ಅಕ್ಷರಗಳ ಫಾಂಟಿಗಿಂತ ಸಾಮಾನ್ಯವಾಗಿ ಜಾಸ್ತಿ ತೂಗುತ್ತದೆ. ಒಮ್ಮೆ ಯಾವುದೋ ಆನ್‌ಲೈನ್ ಸಾಧನದಲ್ಲಿ ಬೇಡದ ಅಕ್ಷರ ತೆಗೆದು ಫಾಂಟ್ ಕತ್ತರಿಸಿದೆ. ಗಾತ್ರವೇನೋ ಅರ್ಧ ಆಯಿತು, ಆದರೆ 'ಅಕ್ಕಿ' ಹೋಗಿ 'ಅಕ್‌ಕಿ' ಆಗಿತ್ತು. ಓದುಗರೊಬ್ಬರು ಸ್ಕ್ರೀನ್‌ಶಾಟ್ ಕಳಿಸಿದ ಮೇಲೇ ನನಗೆ ಗೊತ್ತಾಗಿದ್ದು. ಹಾಗಾಗಿ ಕತ್ತರಿಸಿದರೆ ಒತ್ತಕ್ಷರ ಸರಿಯಾಗಿದೆಯಾ ಅಂತ ಕಣ್ಣಾರೆ ನೋಡಿ. ಫೈಲ್ ವೋಫ್2 (ವೆಬ್‌ಗಾಗಿ ಕುಗ್ಗಿಸಿದ ಫಾಂಟ್ ಬಗೆ) ಇರಲಿ, ದಪ್ಪ, ತೆಳು ಅಂತ ನಾಲ್ಕೈದು ಬಗೆ ಬೇಡ. ಪುಟದ ಅಂದಚೆಂದ ಹೇಳುವ ಸಿಎಸ್ಎಸ್‌ನಲ್ಲಿ ಫಾಂಟ್-ಡಿಸ್ಪ್ಲೇಗೆ ಸ್ವ್ಯಾಪ್ ಕೊಟ್ಟರೆ ಫಾಂಟ್ ಬರುವವರೆಗೂ ಫೋನಿನದೇ ಅಕ್ಷರದಲ್ಲಿ ಓದಬಹುದು. ನಿಜ ಹೇಳಬೇಕೆಂದರೆ ನಾನು ಕೊನೆಗೆ ಫಾಂಟನ್ನೇ ತೆಗೆದುಹಾಕಿದೆ. ಆಂಡ್ರಾಯ್ಡ್‌ನಲ್ಲಿ ನೋಟೊ, ವಿಂಡೋಸ್‌ನಲ್ಲಿ ನಿರ್ಮಲಾ ಅನ್ನೋ ಕನ್ನಡ ಫಾಂಟುಗಳು ಸಾಮಾನ್ಯವಾಗಿ ಇರುತ್ತವೆ, ಪಾಕವಿಧಾನ ಓದಲು ಅಷ್ಟು ಸಾಕು.

ಸರ್ವರ್ ಪುಟದ ಪಠ್ಯವನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಅಥವಾ ಬ್ರಾಟ್ಲಿ ಆನ್ ಇದೆಯಾ ಅದನ್ನೂ ನೋಡಿ. ಅಕ್ಷರಗಳನ್ನು ಬೈಟ್ ಮಾಡಿ ಇಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, 'ಅಡುಗೆ' ಅನ್ನೋ ಪುಟ್ಟ ಪದದಲ್ಲೇ ಮೂರು ಅಕ್ಷರ, ಎರಡು ಸ್ವರಚಿಹ್ನೆ ಸೇರಿ ಐದು ಸಂಕೇತ, ಅಂದರೆ 15 ಬೈಟ್. ಮೊದಲ ಎರಡು ಬೈಟ್‌ಗಳು ಹೆಚ್ಚುಕಡಿಮೆ ಅವೇ ಮರುಕಳಿಸುವುದರಿಂದ ಚೆನ್ನಾಗಿ ಕುಗ್ಗುತ್ತದೆ.

ಇಷ್ಟಾದ ಮೇಲೂ ನಿಧಾನ ಅಂದರೆ, ಅದೇ ನೆಟ್‌ವರ್ಕ್ ಟ್ಯಾಬಿನಲ್ಲಿ ಪುಟದ ಸಾಲಿನ ಮೇಲೆ ಒತ್ತಿ ಟೈಮಿಂಗ್ ನೋಡಿ. ಸರ್ವರ್ ಉತ್ತರಕ್ಕೆ ಕಾಯುವುದೇ ಪದೇ ಪದೇ 800 ಮಿಲಿಸೆಕೆಂಡ್ ದಾಟುತ್ತಿದ್ದರೆ, ಆಗ ಹೋಸ್ಟಿಂಗ್ ವಿಷಯ ಮಾತಾಡೋಣ.