ಈ ಸಲ ಮೋಂತಿ ಹಬ್ಬ ಮಾಡಲೋ, ಬಿಡಲೋ?

ಪ್ರಶ್ನೆ: ನಮ್ಮದು ಶಂಕರಪುರದಲ್ಲಿ ಮಲ್ಲಿಗೆ ಕೃಷಿ. ಯಜಮಾನರ ಎರಡೂ ಕಿಡ್ನಿ ಹೋಗಿದೆ. ಎಂಟು ತಿಂಗಳಿಂದ ವಾರಕ್ಕೆ ಮೂರು ಸಲ ಉಡುಪಿಗೆ ಡಯಾಲಿಸಿಸ್‌ಗೆ ಹೋಗುತ್ತೇವೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು, "ಕಷ್ಟದಲ್ಲೂ ಸಂತೋಷವಾಗಿರಬೇಕು, ಅಳುವವರಿಗೆ ವಿಶ್ವಾಸ ಕಡಿಮೆ" ಅಂದರು. ಅಂದಿನಿಂದ ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುತ್ತೇನೆ. ಮೊನ್ನೆ ಮಗಳ ಮಾತಿಗೆ ಜೋರಾಗಿ ನಕ್ಕೆ, ಅದೂ ತಪ್ಪು ಅನಿಸಿತು. ಮರಿಯಮ್ಮನ ಹುಟ್ಟುಹಬ್ಬ, ಮನೆಗೆ ಹೊಸ ತೆನೆ ತರುವ ಮೋಂತಿ ಹಬ್ಬ ಮಕ್ಕಳಿಗೆ ಬೇಕು. ದೇವರ ಮೇಲೇ ಕೋಪ ಇರುವಾಗ ಹಬ್ಬ ಹೇಗೆ ಮಾಡಲಿ?

ಉತ್ತರ: ಅಕ್ಕಾ, ಮೊದಲು ಆ ನಲ್ಲಿ ಬಂದ್ ಮಾಡಿ. ಅಳು ಬಂದರೆ ಅಡುಗೆಮನೆಯಲ್ಲೇ ಅಳಿ.

ಲಾಜರನ ಸಮಾಧಿ ಹತ್ತಿರ ಯೇಸುವೇ ಅತ್ತರು. ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುವವರು ತಾವೇ ಎಂದು ಗೊತ್ತಿದ್ದೂ ಅತ್ತರು. ಇನ್ನು ಕೋಪಕ್ಕೆ 13ನೇ ಕೀರ್ತನೆ ತೆಗೆದು ನೋಡಿ. ಆರೇ ವಚನ. "ಎಷ್ಟು ಕಾಲ ನನ್ನನ್ನು ಮರೆತಿರುತ್ತೀ" ಎಂದು ದೇವರನ್ನೇ ಜೋರು ಮಾಡುವುದರಿಂದ ಶುರು, ಹಾಡುವುದರಲ್ಲಿ ಮುಗಿಯುತ್ತದೆ. ನೀವೀಗ ಎರಡನೇ ವಚನದಲ್ಲಿದ್ದೀರಿ ಅಂದುಕೊಳ್ಳಿ. ಆರಕ್ಕೆ ಇಂಥ ದಿನವೇ ಮುಟ್ಟಬೇಕೆಂದು ಯಾರೂ ಹೇಳಿಲ್ಲ.

ಕೂಟದಲ್ಲಿ ಕೇಳಿದ ಮಾತಿನ ಮೂಲ ಯಕೋಬನ ಪತ್ರದ ಮೊದಲ ಅಧ್ಯಾಯ. ಕಷ್ಟ ಬಂದಾಗ ಅದನ್ನು ಆನಂದ ಎಂದು ಎಣಿಸಿ ಅಂತ ಅಲ್ಲಿದೆ. ಹಲ್ಲು ಕಿಸಿಯಿರಿ ಅಂತ ಇಲ್ಲ. ಎಣಿಸುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಲ್ಲಿಗೆಯ ಅಳತೆಯಲ್ಲಿ ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಬಾಳೆನಾರಲ್ಲಿ ಕಟ್ಟುವಾಗ ಒಂದೂ ಅರಳಿರುವುದಿಲ್ಲ. ಆದರೂ ಹೂವಿನ ಲೆಕ್ಕಕ್ಕೇ ಹಿಡಿಯುತ್ತೀರಿ. ಸಂಜೆ ಅರಳುತ್ತದೆ ಅಂತ ಗೊತ್ತು, ಅಲ್ವಾ? ದೇವರ ಮೇಲಿನ ಭರವಸೆ ಅಂದರೆ ನನಗೆ ಅರ್ಥವಾಗಿರುವುದು ಇಷ್ಟೇ. ಮಗಳ ಮಾತಿಗೆ ನಕ್ಕದ್ದನ್ನೂ ಎಣಿಸಿ.

ಹಬ್ಬ ಮಾಡಿ, ಸಣ್ಣದಾಗಿ. ಸೆಪ್ಟೆಂಬರ್ 8 ಡಯಾಲಿಸಿಸ್ ದಿನವೇ ಆದರೆ ಅದನ್ನು ತಪ್ಪಿಸಬೇಡಿ, ಊಟ ಮರುದಿನಕ್ಕಿರಲಿ. ಮಕ್ಕಳು ಮರಿಯಮ್ಮನಿಗೆ ಹೂ ಹಾಕಲಿ. ತರಕಾರಿ ಬೆಸ ಲೆಕ್ಕದಲ್ಲಿ ಇರಬೇಕೆಂದು ಐದು, ಏಳು ಎಂದು ಹಠ ಬೇಡ, ಮೂರು ಸಾಕು. ಹರಿವೆ, ತೆಂಗಿನಹಾಲು ಯಜಮಾನರಿಗೆ ಎಷ್ಟು ಆಗಬಹುದೆಂದು ಡಯಟೀಷಿಯನ್ ಹತ್ತಿರ ಮೊದಲೇ ಕೇಳಿ. ಅವುಗಳಲ್ಲಿ ಪೊಟ್ಯಾಷಿಯಂ ಇದೆ, ಕಿಡ್ನಿ ಹೋದವರಿಗೆ ಅದು ಜಾಸ್ತಿಯಾದರೆ ಹೃದಯಕ್ಕೆ ಅಪಾಯ.

ಮತ್ತೆ, ಸಂತೋಷದ ಪಾಠ ಹೇಳಿದವರಿಗೆ ಒಂದು ಕೆಲಸ ಹೇಳಿ. ವಾರಕ್ಕೊಮ್ಮೆ ಯಜಮಾನರ ಜೊತೆ ಅವರು ಹೋಗಲಿ, ನಾಲ್ಕು ಗಂಟೆ ಕೂತು ಬರಲಿ. (ಕುಚೋದ್ಯಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಹೌದು.) ಅವರಿಗೆ ಆಗದಿದ್ದರೆ ನಿಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರನ್ನು ಕೇಳಿ, ಯಾರಾದರೂ ಸಿಗುತ್ತಾರೆ. ಆ ಹೊತ್ತು ಹೂ ಕಟ್ಟಬೇಡಿ, ಮಲಗಿ. ನಿದ್ದೆಗೆಟ್ಟ ಮೈಗೆ ದೇವರ ಮೇಲೆ ಮಾತ್ರವಲ್ಲ, ಅನ್ನದ ಪಾತ್ರೆ ಮೇಲೂ ಕೋಪ ಬರುತ್ತದೆ.

ಇಗರ್ಜಿಯಿಂದ (ಚರ್ಚಿನಿಂದ) ತೆನೆ ತಂದ ಮೇಲೆ ಭತ್ತ ಸುಲಿಯುವ ಕೆಲಸ ಯಜಮಾನರಿಗೆ ಕೊಡಿ. ಕೂತಲ್ಲೇ ಆಗುತ್ತದೆ. ಹಾಲಿಗೆ ಹಾಕಿ ಒಬ್ಬೊಬ್ಬರಿಗೂ ಅವರೇ ಹಂಚಲಿ. ನೀರು ಅಳೆದು ಕುಡಿಯುವವರಿಗೂ ಒಂದು ಚಮಚ ನಡೆಯುತ್ತದೆ.